ದೊಡ್ಡವ್ವನ ಹಣೆಯ ಹಚ್ಚೆಗೆ ರೇಟು ಎಷ್ಟು?

ಸಿಟ್ಟು ಬಂದಾಗ ಬರೆಯಬಾರದು ಅಂತ ನನಗೆ ನಾನೇ ಒಂದು ನಿಯಮ ಹಾಕ್ಕೊಂಡಿದ್ದೆ. ಹಿಂದೆ ಹಾಗೆ ಬರೆದು ಎರಡು ಸ್ನೇಹ ಕಳಕೊಂಡಿದ್ದೇನೆ. ಹಾಗಾಗಿ ಈ ಸಲ ಮೂರು ವಾರ ಸುಮ್ಮನಿದ್ದೆ. ಸಿಟ್ಟು ಇಳಿಯಲಿಲ್ಲ, ಇನ್ನೂ ಸ್ವಲ್ಪ ಗಟ್ಟಿಯಾಯಿತು ಅಷ್ಟೆ. ಅದಕ್ಕೇ ಈ ಕೊರೆತ. ತಡ್ಕೊಳ್ಳಿ.

ಹೋದ ತಿಂಗಳು ಬೆಂಗಳೂರಿನ ಒಂದು ಆರ್ಟ್ ಗ್ಯಾಲರಿಗೆ ಹೋಗಿದ್ದೆ. (ಯಾವುದು ಅಂತ ಕೇಳಬೇಡಿ, ಹೇಳಲ್ಲ.) ಹಚ್ಚೆ ಹಾಕಿಸಿಕೊಂಡವರ ಭಾವಚಿತ್ರಗಳ ಪ್ರದರ್ಶನ. ಒಳಗೆ ಹೋದರೆ ಎಸಿ ತಂಪು, ಬಿಳೀ ಗೋಡೆ, ಮೂಲೆಯಲ್ಲಿ ವೈನು. ಎಡಗಡೆ ಗೋಡೆ ತುಂಬ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರು. ಒಬ್ಬನಿಗೆ ತೋಳಿಂದ ಮಣಿಕಟ್ಟಿನವರೆಗೆ ಡ್ರ್ಯಾಗನ್ನು, ಒಬ್ಬಳಿಗೆ ಕುತ್ತಿಗೆಯ ಹಿಂದೆ ಹಕ್ಕಿಗಳ ಸಾಲು, ಇನ್ನೊಬ್ಬನ ಎದೆ ಮೇಲೆ ಸತ್ತುಹೋದ ನಾಯಿಯ ಮುಖ. ಪ್ರತಿ ಚಿತ್ರದ ಕೆಳಗೆ ಒಂದು ಚೀಟಿ. ಅದರಲ್ಲಿ ಹೆಸರು, ವಯಸ್ಸು, ಉದ್ಯೋಗ, ಆ ಟ್ಯಾಟೂ ಯಾಕೆ ಹಾಕಿಸಿಕೊಂಡೆ ಅಂತ ಅವರದೇ ಮಾತಿನಲ್ಲಿ ನಾಲ್ಕು ಸಾಲು, ಹಾಕಿದ ಕಲಾವಿದನ ಹೆಸರು, ಅವನ ಇನ್‌ಸ್ಟಾಗ್ರಾಮ್ ವಿಳಾಸ ಕೂಡ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಆ ನಾಯಿಯ ಚೀಟಿ ಓದುವಾಗ ನನಗೆ ಗಂಟಲು ಕಟ್ಟಿತು.

ಬಲಗಡೆ ಗೋಡೆ ತುಂಬ ಮುದುಕಿಯರು. ಎಲ್ಲಾ ಕಪ್ಪು ಬಿಳುಪು, ಎಲ್ಲಾ ಆಳೆತ್ತರ. ಹಣೆ, ಗದ್ದ, ಮುಂಗೈ ಮೇಲೆ ಹಳೆಯ ಹಸಿರು ಹಚ್ಚೆ. ಕೆಳಗಿನ ಚೀಟಿಯಲ್ಲಿ ಇದ್ದಿದ್ದು ಒಂದೇ ಸಾಲು: 'ಅನ್‌ಟೈಟಲ್ಡ್, ಗ್ರಾಮೀಣ ಕರ್ನಾಟಕ'. ಅದರ ಪಕ್ಕ ಒಂದು ನಂಬರು, ಮತ್ತೆ ಎಡಿಷನ್ ಆಫ್ ಫೈವ್.

ಅವುಗಳಲ್ಲಿ ನಾಲ್ಕನೇ ಚಿತ್ರ ನಮ್ಮ ದೊಡ್ಡವ್ವನದು.

ನನ್ನ ಸ್ವಂತ ದೊಡ್ಡವ್ವ ಅಲ್ಲ. ಸಿರಾ ಹತ್ತಿರ ನಮ್ಮೂರು. ನಮ್ಮ ಮನೆ ಎದುರಿಗೆ ಅವಳ ಮನೆ. ಇಡೀ ಬೀದಿಯ ಹುಡುಗರು ಅವಳನ್ನ ದೊಡ್ಡವ್ವ ಅಂತಲೇ ಕರೆಯುತ್ತಿದ್ದದ್ದು. ನನಗೆ ಜ್ವರ ಬಂದರೆ ನಮ್ಮಮ್ಮನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. 2019ರಲ್ಲಿ ತೀರಿಕೊಂಡಳು. ಬೆಂಗಳೂರಿನ ಒಂದು ಎಸಿ ಹಾಲಿನಲ್ಲಿ, ನನಗಿಂತ ಎತ್ತರ ನಿಂತು, ಅವಳು ನನ್ನ ಮುಖ ನೋಡುತ್ತಿದ್ದಳು. ಡೆಸ್ಕಿನಲ್ಲಿದ್ದ ಹುಡುಗಿಯ ಹತ್ತಿರ ಹೋಗಿ ನಾಲ್ಕನೇ ನಂಬರಿನ ರೇಟು ಕೇಳಿದೆ. ಎಂಬತ್ತೈದು ಸಾವಿರ, ಜಿಎಸ್‌ಟಿ ಬೇರೆ, ಫ್ರೇಮೂ ಬೇರೆ ಅಂದಳು.

ಈಗ ನನ್ನ ಪಾಪದ ಕಥೆ ಹೇಳಬೇಕು. ಇಲ್ಲದಿದ್ದರೆ ಮುಂದೆ ನಾನು ಬೈಯೋದೆಲ್ಲ ಬರೀ ಬೂಟಾಟಿಕೆ ಆಗುತ್ತೆ.

ಆ ಫೋಟೋಗ್ರಾಫರನ್ನ ನಮ್ಮೂರಿಗೆ ಕರಕೊಂಡು ಹೋದವನೇ ನಾನು. 2014ರ ಸಂಕ್ರಾಂತಿ ಕಳೆದ ವಾರ. ಆಗ ನನಗೂ ಕ್ಯಾಮೆರಾ ಹುಚ್ಚು. ಸಂಬಳದ ದುಡ್ಡಲ್ಲಿ ಒಂದು ಕ್ಯಾನನ್ ಎಸ್‌ಎಲ್‌ಆರ್ ತಗೊಂಡು ಭಾನುವಾರ ಭಾನುವಾರ ಕೆಆರ್ ಮಾರ್ಕೆಟ್ಟಿನ ಹೂವಿನವರ ತಲೆ ತಿನ್ನುತ್ತಿದ್ದ ಕಾಲ. (ನೀವೂ ಮಾಡಿದ್ದೀರಿ, ನಗಬೇಡಿ :-) ) ಅಂಥ ಒಂದು ಫೋಟೋ ವಾಕ್‌ನಲ್ಲಿ ಪರಿಚಯ ಆದವನು. ಹಚ್ಚೆ ಇರೋ ಅಜ್ಜಿಯರನ್ನ ಹುಡುಕ್ತಾ ಇದೀನಿ, ಪ್ರಾಜೆಕ್ಟ್ ಮಾಡ್ತಿದೀನಿ ಅಂದ. ಬಾ ಗುರು, ನಮ್ಮ ಬೀದೀಲೇ ಐದು ಜನ ಇದಾರೆ ಅಂದೆ. ದೊಡ್ಡ ಕೆಲಸ ಮಾಡ್ತಾ ಇದೀನಿ ಅನ್ನೋ ಹಮ್ಮು ನನಗೂ ಇತ್ತು.

ದೊಡ್ಡವ್ವನಿಗೆ ಹಿಂದಿನ ದಿನವೇ ಹೇಳಿದ್ದೆ, ನಾಳೆ ಬೆಂಗಳೂರಿಂದ ಒಬ್ಬರು ಬರ್ತಾರೆ, ನಿನ್ನ ಫೋಟೋ ತೆಗೀತಾರೆ ಅಂತ. ಬೆಳಿಗ್ಗೆ ನಾವು ಹೋದಾಗ ಅವಳು ತಲೆಗೆ ಎಣ್ಣೆ ಹಾಕಿ ಬಾಚಿ, ಮೊಮ್ಮಗಳ ಮದುವೆಗೆ ತಂದಿದ್ದ ಹಸಿರು ಸೀರೆ ಉಟ್ಟು, ಉದ್ದ ತೋಳಿನ ಕುಪ್ಪಸ ತೊಟ್ಟು, ಕನ್ನಡಕ ಒರೆಸಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿ ಮೇಲೆ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಗಂಡನ ಫೋಟೋ ಬೇರೆ ತಂದಿಟ್ಟುಕೊಂಡಿದ್ದಳು.

ನಮ್ಮ ಕಲಾವಿದರು ನನ್ನ ಕಿವಿಯಲ್ಲಿ ಹೇಳಿದರು: ಹಳೇ ಕಾಟನ್ ಸೀರೆ ಉಡೋಕೆ ಹೇಳು, ಕುಪ್ಪಸದ ತೋಳು ಬೇಡ ಮೈಮೇಲಿಂದ ಹಚ್ಚೆ ಮುಚ್ಚುತ್ತೆ, ಕನ್ನಡಕ ತೆಗೆಸು, ಆ ಕುರ್ಚಿ ಆಚೆ ಇಡು, ಗೋಡೆ ಮೇಲಿನ ಕ್ಯಾಲೆಂಡರ್ ತೆಗಿ. ಒಂದೊಂದನ್ನೂ ದೊಡ್ಡವ್ವನಿಗೆ ಹೇಳಿದವನು ನಾನು.

'ಹಳೇ ಸೀರೇನಾ? ಯಾಕ್ಲಾ ಮಗ, ಸಾವಿನ ಮನೆಗೆ ಹೋಗ್ತಿದೀನಾ?' ಅಂದಳು.

'ಅವರು ಹಾಗೇ ತೆಗೆಯೋದು ದೊಡ್ಡವ್ವ. ಚೆನ್ನಾಗಿ ಬರುತ್ತೆ.'

'ಕನ್ನಡಕ ಇಲ್ದಿದ್ರೆ ನಂಗೆ ಅವರ ಮುಖ ಕಾಣಕಿಲ್ವಲ್ಲೋ.'

ಆ ಫೋಟೋದಲ್ಲಿ ಅವಳ ಕಣ್ಣು ದೂರ ಎಲ್ಲೋ ನೆಟ್ಟಿದೆ. ಗ್ಯಾಲರಿಯ ಗೋಡೆ ಮೇಲೆ ಅಂಟಿಸಿದ್ದ ಬರಹದಲ್ಲಿ ಅದನ್ನ 'ಕಾಲಾತೀತ ನೋಟ' ಅಂತ ಕರೆದಿದ್ದಾರೆ. ಸ್ವಾಮೀ, ಅದು ಕಾಲಾತೀತ ಅಲ್ಲ, ಪ್ಲಸ್ ನಾಲ್ಕು ಪವರ್ರು. ಕನ್ನಡಕ ನನ್ನ ಜೇಬಿನಲ್ಲಿತ್ತು.

ಇದೇನು ಹೊಸ ಚಾಳಿ ಅಲ್ಲ ಬಿಡಿ. ಅಮೆರಿಕದಲ್ಲಿ ಎಡ್ವರ್ಡ್ ಕರ್ಟಿಸ್ ಅಂತ ಒಬ್ಬ ಮಹಾನುಭಾವ ಇದ್ದ. ಅಲ್ಲಿನ ಮೂಲನಿವಾಸಿಗಳ ಫೋಟೋ ತೆಗೆದು 1907ರಿಂದ 1930ರವರೆಗೆ 20 ಸಂಪುಟ ತಂದವನು. 1910ರಲ್ಲಿ ಒಂದು ಗುಡಾರದೊಳಗೆ ಇಬ್ಬರು ಕೂತಿರುವ ಫೋಟೋ ತೆಗೆದ. ಇಬ್ಬರ ಮಧ್ಯೆ ಒಂದು ಗಡಿಯಾರ ಇತ್ತು. ಅಚ್ಚಾಗುವಾಗ ಆ ಗಡಿಯಾರವನ್ನ ಅಳಿಸಿ ಹಾಕಿದ. ಮಣ್ಣಾಗುತ್ತಿರುವ ಜನಾಂಗದ ಹತ್ತಿರ ಗಡಿಯಾರ ಇದ್ದರೆ ಚಿತ್ರ ಕೆಡುತ್ತಲ್ಲ! ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, 1868ರಿಂದ 1875ರ ನಡುವೆ, 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ಬಂದವು. ಮನುಷ್ಯನನ್ನ ನಿಲ್ಲಿಸಿ ಫೋಟೋ ಹೊಡೆದು ಕೆಳಗೆ ಜಾತಿಯ ಹೆಸರು ಬರೆಯೋದು. ಆಮೇಲೆ ಮದ್ರಾಸ್ ಮ್ಯೂಸಿಯಮ್ಮಿನ ಥರ್ಸ್ಟನ್ ಸಾಹೇಬರು ಮೂಗು ತಲೆ ಎಲ್ಲ ಅಳತೆ ತಗೊಂಡು 1909ರಲ್ಲಿ ಏಳು ಸಂಪುಟ ಪ್ರಕಟಿಸಿದರು. ಥರ್ಸ್ಟನ್ನರ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು: ಹಚ್ಚೆ ಹಾಕುವವರು ಯಾರು, ಹೇಗೆ ಹಾಕುತ್ತಾರೆ ಅಂತ ವಿಚಾರಿಸಿ ಬರೆದಿಟ್ಟರು. ನಮ್ಮ ಕಲಾವಿದರು ಅಷ್ಟೂ ಮಾಡಲಿಲ್ಲ.

ಅಲ್ಲಾ, ಹಚ್ಚೆಯ ಪ್ರಾಜೆಕ್ಟ್ ಅಂತೀರಿ. ಹಚ್ಚೆ ಹಾಕಿದ್ದು ಯಾರು ಅಂತ ಒಂದು ಮಾತು ಕೇಳಬೇಡವೇ?

ದೊಡ್ಡವ್ವನಿಗೆ ಹಾಕಿದ್ದು ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಕೊರವಂಜಿ. ಸುಗ್ಗಿ ಮುಗಿದ ಮೇಲೆ ಬರೋಳಂತೆ. ಸೂಜಿಗಳನ್ನ ಒಟ್ಟಿಗೆ ದಾರದಲ್ಲಿ ಬಿಗಿದು, ದೀಪದ ಮಸಿಗೆ ಸೊಪ್ಪಿನ ರಸ ಸೇರಿಸಿ, ಮನೆಯಲ್ಲಿ ಬಾಣಂತಿ ಇದ್ದರೆ ಒಂದೆರಡು ಹನಿ ಎದೆಹಾಲು ಹಾಕಿ ಅರೆದು ಚುಚ್ಚೋದು. ಹುಡುಗಿ ಅಳಬಾರದು ಅಂತ ಹಾಡು ಹೇಳೋದು. ಮುಗಿದ ಮೇಲೆ ಅರಿಶಿನ ಎಣ್ಣೆ ಹಚ್ಚೋದು. ಕೂಲಿ ಅಂದರೆ ಮೊರದ ತುಂಬ ರಾಗಿ, ಒಂದು ಹಳೇ ಸೀರೆ. ಸತ್ತಾಗ ಮೂಗುಬೊಟ್ಟು, ಓಲೆ, ತಾಳಿ ಎಲ್ಲಾ ಬಿಚ್ಚಿಕೊಳ್ತಾರೆ, ಹಚ್ಚೆ ಒಂದೇ ಜೊತೇಲಿ ಬರೋದು ಅಂತ ನಮ್ಮ ಕಡೆ ಹೆಂಗಸರೆಲ್ಲ ಹೇಳೋ ಮಾತು. ಆ ಒಂದನ್ನ ಕೊಟ್ಟವಳು ಕೊರವಂಜಿ. ಎಡಗಡೆ ಗೋಡೆಯಲ್ಲಿ ಇಂದಿರಾನಗರದ ಸ್ಟುಡಿಯೋದ ಹುಡುಗನಿಗೆ ಇನ್‌ಸ್ಟಾಗ್ರಾಮ್ ಸಮೇತ ಮರ್ಯಾದೆ. ಬಲಗಡೆ ಗೋಡೆಯಲ್ಲಿ ಅವಳು ಇಲ್ಲವೇ ಇಲ್ಲ. ಐದು ಮುದುಕಿಯರ ಹಣೆ ಮೇಲೆ ಅವಳ ಕೈಬರಹ ಇದೆ, ಅವಳಿಲ್ಲ. ಆ ಹೆಂಗಸರ ಸಮುದಾಯದವರನ್ನ 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಟ್ಟುಕೊಂಡು ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿ ಬೆರಳಚ್ಚು ತಗೊಂಡಿದ್ದರು. ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ. ಹೀಗೆ ಸರ್ಕಾರದ ಕಡತದಲ್ಲಿ ಮಾತ್ರ ಅವರ ಹೆಸರು ಉಳಿದಿರೋದು, ಕಲೆಯ ಕಡತದಲ್ಲಿ ಇಲ್ಲ.

ಇನ್ನು ಗೋಡೆಬರಹದ ವಿಷಯ. 'ಹೆಣ್ಣಿನ ಆತ್ಮಾಭಿವ್ಯಕ್ತಿಯ ಪ್ರಾಚೀನ ರೂಪ' ಅಂತ ಇತ್ತು ಅದರಲ್ಲಿ. ಇದನ್ನ ಓದಿದಾಗಲೇ ನನ್ನ ತಲೆ ಕೆಟ್ಟಿದ್ದು.

ದೊಡ್ಡವ್ವನ ಹಣೆಯ ಹಚ್ಚೆಯ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಒಂಬತ್ತು ವರ್ಷ ಆಗ ಅವಳಿಗೆ. ಕೊರವಂಜಿಯ ಬುಟ್ಟಿ ನೋಡಿದ ಕೂಡಲೇ ಓಡಿಹೋಗಿ ಹುಲ್ಲಿನ ಬಣವೆ ಹಿಂದೆ ಅವಿತುಕೊಂಡಳಂತೆ. ಅವಳ ಸೋದರತ್ತೆ ಜುಟ್ಟು ಹಿಡಿದು ಎಳಕೊಂಡು ಬಂದಳಂತೆ. ಮೂರು ಜನ ಹೆಂಗಸರು ಕೈಕಾಲು ಅದುಮಿ ಹಿಡಕೊಂಡು ಹಾಕಿಸಿದರು. 'ಮದ್ವೆ ಆಗ್ಬೇಕಲ್ಲ, ಬರೀ ಹಣೇಲಿ ಇದ್ರೆ ಯಾರು ಮಾಡ್ಕೊಂಡಾರು' ಅಂತ. ಎಂಟು ದಿನ ಹಣೆ ಬಾತು ಕಣ್ಣು ಬಿಡಕ್ಕಾಗಲಿಲ್ಲವಂತೆ. ಇದನ್ನ ಅವಳು ನಗುನಗುತ್ತಾ ಹೇಳುತ್ತಿದ್ದಳು, ಆದರೆ ಆ ಸೋದರತ್ತೆಯನ್ನ ಮಾತ್ರ ಕೊನೇವರೆಗೂ ಕ್ಷಮಿಸಲಿಲ್ಲ. ಮುಂಗೈ ಮೇಲಿನ ಚೇಳು ಬೇರೆ ಕಥೆ. ಅದು ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಕೋಳಿಮೊಟ್ಟೆ ಮಾರಿದ ದುಡ್ಡಲ್ಲಿ, ಗಂಡನಿಗೆ ಹೇಳದೆ ಸಂತೆಯಲ್ಲಿ ಹಾಕಿಸಿಕೊಂಡಿದ್ದು. ಆ ಚೇಳನ್ನ ನಮಗೆಲ್ಲ ತೋರಿಸಿ ಹೆದರಿಸೋಳು. ಆತ್ಮಾಭಿವ್ಯಕ್ತಿ ಅಂತ ಏನಾದರೂ ಇದ್ದರೆ ಅದು ಆ ಚೇಳು ಕಣ್ರೀ. ಗ್ಯಾಲರಿಯ ಚಿತ್ರ ಎದೆಮಟ್ಟಕ್ಕೆ ಕತ್ತರಿಸಿದೆ. ಚೇಳು ಫ್ರೇಮಿನಿಂದ ಆಚೆ.

ಹಣೆಯ ಮೇಲಿನ ಗುರುತನ್ನ ನೋಡಿದ ಕೂಡಲೇ ಸೌಂದರ್ಯ, ಪರಂಪರೆ ಅಂತ ಕರಗಿಹೋಗುವವರಿಗೆ ಒಂದೆರಡು ವಿಷಯ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ 1797ರಿಂದ ಜೀವಾವಧಿ ಕೈದಿಗಳ ಹಣೆ ಮೇಲೆ ಅವರ ಅಪರಾಧವನ್ನ ಹಚ್ಚೆಯಲ್ಲಿ ಬರೆಸುತ್ತಿತ್ತು. ಅದನ್ನ ನಿಲ್ಲಿಸಿದ್ದು 1849ರಲ್ಲಿ. ಹಳೇ ಕಾಲದ ಮಾತಾಯಿತು ಅಂತೀರಾ? 1993ರಲ್ಲಿ ಅಮೃತಸರದಲ್ಲಿ ಪೊಲೀಸರು ಹೆಂಗಸರ ಹಣೆ ಮೇಲೆ 'ಜೇಬುಗಳ್ಳಿ' ಅಂತ ಪಂಜಾಬಿಯಲ್ಲಿ ಹಚ್ಚೆ ಹಾಕಿಸಿದರು. ಆ ಪೊಲೀಸರಿಗೆ ಸಿಬಿಐ ಕೋರ್ಟಿನಲ್ಲಿ ಶಿಕ್ಷೆ ಆಗಿದ್ದು 2016ರಲ್ಲಿ, ಇಪ್ಪತ್ತಮೂರು ವರ್ಷ ಆದಮೇಲೆ. ಚರ್ಮದ ಮೇಲೆ ಇರೋದೆಲ್ಲ ಆ ಚರ್ಮದವರು ಬೇಕು ಅಂತ ಬರೆಸಿಕೊಂಡದ್ದಲ್ಲ. ಬೇಕು ಅಂತ ಬರೆಸಿಕೊಂಡರೂ ಅದಕ್ಕೆ ಬೆಲೆ ತೆರಬೇಕಾದವರು ಇದ್ದಾರೆ. ನಮ್ಮೂರಿನ ಇಬ್ಬರು ಹುಡುಗರು ಜಾತ್ರೆಯಲ್ಲಿ ಬ್ಯಾಟರಿ ಮಶೀನಿನವನ ಹತ್ತಿರ ಕುತ್ತಿಗೆ ಮೇಲೆ ಹಾಕಿಸಿಕೊಂಡು ಬಂದು, ಆಮೇಲೆ ಸೇನಾ ಭರ್ತಿಗೆ ಹೋಗಿ ವಾಪಸ್ಸು ಬಂದರು. ಮುಂಗೈ ಒಳಭಾಗ, ಹಸ್ತದ ಹಿಂಭಾಗ ಬಿಟ್ಟು ಬೇರೆಲ್ಲಿದ್ದರೂ ಸೇನೆಗೆ ಆಗಲ್ಲ. ಬುಡಕಟ್ಟಿನವರ ಸಂಪ್ರದಾಯಕ್ಕೆ ಮಾತ್ರ ವಿನಾಯಿತಿ. ಅದೇ ಕುತ್ತಿಗೆ ಹಚ್ಚೆ ಇಟ್ಟುಕೊಂಡು ಎಡಗಡೆ ಗೋಡೆಯ ಹುಡುಗ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದಾನೆ. ಇದನ್ನ ಕೇಳದೆ ಬರೀ ಚರ್ಮದ ಫೋಟೋ ತೆಗೆದರೆ ಸಿಗೋದು ಚರ್ಮ ಅಷ್ಟೇ.

ತಂತ್ರದ ವಿಷಯವೂ ಒಂದಿದೆ, ಕ್ಯಾಮೆರಾ ಇಷ್ಟ ಇರೋರು ಓದಿ, ಉಳಿದವರು ಈ ಪ್ಯಾರಾ ಹಾರಿಸಿ. 19ನೇ ಶತಮಾನದ ವೆಟ್ ಪ್ಲೇಟ್ ಫೋಟೋಗಳಲ್ಲಿ ಬಳಸುತ್ತಿದ್ದ ರಾಸಾಯನಿಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ನೀಲಿ ಹಸಿರು ಹಚ್ಚೆ ಚರ್ಮದ ಜೊತೆ ಬೆರೆತು ಮಾಯವಾಗುತ್ತಿತ್ತು. ನ್ಯೂಜಿಲೆಂಡಿನ ಮಾವೋರಿಗಳ ಮುಖದ ಮೇಲಿನ ಮೋಕೋ ಎಷ್ಟೋ ಹಳೇ ಫೋಟೋಗಳಲ್ಲಿ ಕಾಣಲ್ಲ. ಮೈಕೆಲ್ ಬ್ರ್ಯಾಡ್ಲಿ ಅನ್ನೋ ಅಲ್ಲಿನ ಫೋಟೋಗ್ರಾಫರ್ ಇದನ್ನೇ ಇಟ್ಟುಕೊಂಡು 'ಪುವಾಕಿ' ಅಂತ ಒಂದು ಸರಣಿ ಮಾಡಿದ. ಒಬ್ಬರದೇ ಎರಡು ಚಿತ್ರ, ಪಕ್ಕಪಕ್ಕ. ಹಳೇ ವಿಧಾನದ್ದರಲ್ಲಿ ಮೋಕೋ ಮಾಯ, ಡಿಜಿಟಲ್‌ನಲ್ಲಿ ಪ್ರತ್ಯಕ್ಷ. ಹಾಗಾಗಿ ಕ್ಯಾಮೆರಾ ಸುಳ್ಳು ಹೇಳಲ್ಲ ಅನ್ನೋ ಮಾತು ಬಿಡಿ. ಈಗಿನ ಡಿಜಿಟಲ್ ಚಿತ್ರವನ್ನ ಕಪ್ಪು ಬಿಳುಪು ಮಾಡುವಾಗಲೂ ಅದೇ ಆಟ. ನಮ್ಮ ಬಣ್ಣದ ಚರ್ಮಕ್ಕೆ ಕೆಂಪು ಚಾನೆಲ್ ಏರಿಸಿದರೆ ಹಚ್ಚೆ ಎದ್ದು ಕಾಣುತ್ತೆ, ಆದರೆ ಮುಖ ತಿಳಿಯಾಗಿ ಸುಕ್ಕು ಕಡಿಮೆಯಾಗುತ್ತೆ. ನೀಲಿ ಏರಿಸಿದರೆ ಸುಕ್ಕು, ಕಲೆ ಎಲ್ಲ ಎದ್ದು ಬರುತ್ತೆ, ಹಚ್ಚೆ ಮುಳುಗುತ್ತೆ. ಎರಡೂ ಒಂದೇ ಚಿತ್ರದಲ್ಲಿ ಹರಿತವಾಗಿ ಕಾಣಿಸ್ತಿದೆ ಅಂದರೆ ಯಾರೋ ಕಂಪ್ಯೂಟರ್ ಮುಂದೆ ಕೂತು ಬೆವರು ಸುರಿಸಿದ್ದಾರೆ ಅಂತ ಅರ್ಥ. ದೊಡ್ಡವ್ವನ ಮುಖದಲ್ಲಿ ಅಷ್ಟು ಸುಕ್ಕು ಇರಲೇ ಇಲ್ಲ. ಅವಳು ಬಂದು ನೋಡಿದ್ದರೆ 'ಯಾರ್ಲಾ ಈ ಮುದ್ಕಿ' ಅಂತಿದ್ದಳು.

ಅವತ್ತು ಗ್ಯಾಲರಿಯಲ್ಲಿ ಕಲಾವಿದರ ಭಾಷಣವೂ ಇತ್ತು. ಡಿಗ್ನಿಟಿ ಅನ್ನೋ ಪದ ಏಳೆಂಟು ಸಲ ಬಂತು. ಕೊನೆಗೆ ಪ್ರಶ್ನೆ ಕೇಳಿ ಅಂದರು. ಎದ್ದು ನಿಂತು, ಬಲಗಡೆ ನಾಲ್ಕನೇ ಚಿತ್ರದಲ್ಲಿರೋರ ಹೆಸರೇನು ಅಂತ ಕೇಳಿದೆ. ಅವನಿಗೆ ನನ್ನ ಗುರುತು ಸಿಕ್ಕಿತು. ಮುಖ ಅರಳಿತು, ಆಮೇಲೆ ಸ್ವಲ್ಪ ಸಣ್ಣಗಾಯಿತು. 'ಈ ಭಾಗದಲ್ಲಿ ವ್ಯಕ್ತಿಗಳು ಮುಖ್ಯ ಅಲ್ಲ, ಇದು ಅಳಿದುಹೋಗ್ತಿರೋ ಒಂದು ಸಂಸ್ಕೃತಿಯ ದಾಖಲೆ' ಅಂದ. ಹಾಗಾದರೆ ಎಡಗಡೆ ಗೋಡೆಯಲ್ಲಿ ವ್ಯಕ್ತಿಗಳು ಯಾಕೆ ಮುಖ್ಯ ಅಂದೆ. ಪಕ್ಕದಲ್ಲಿ ಕೂತಿದ್ದ ಯಾರೋ ಉಶ್ ಅಂದರು.

ದಾಖಲೆ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಏನಪ್ಪಾ ನಿನ್ನ ದಾಖಲೆ? ಯಾವ ವರ್ಷ ಹಾಕಿಸಿದ್ದು, ಯಾರು ಹಾಕಿದ್ದು, ಆ ನಮೂನೆಗೆ ಏನಂತಾರೆ, ಯಾವ ಹಾಡು ಹೇಳಿದರು, ಯಾರಿಗೆ ಬೇಕಿತ್ತು, ಯಾರಿಗೆ ಬೇಡವಾಗಿತ್ತು. ಇಷ್ಟರಲ್ಲಿ ಒಂದೂ ಇಲ್ಲ. ಐವತ್ತು ವರ್ಷ ಆದಮೇಲೆ ಯಾರಾದರೂ ಈ ಚಿತ್ರ ನೋಡಿದರೆ ಅವರಿಗೆ ತಿಳಿಯೋದು ಕರ್ನಾಟಕದಲ್ಲಿ ಮುದುಕಿಯರಿದ್ದರು ಅಂತ. ಅದು ಮಾಡಕ್ಕಾಗಲ್ಲ, ಕಷ್ಟ, ಟೈಮಿಲ್ಲ ಅನ್ನೋ ಹಾಗೂ ಇಲ್ಲ. ನಾಗಾಲ್ಯಾಂಡಿನ ಫೆಜಿನ್ ಕೊನ್ಯಾಕ್ ಅನ್ನೋ ಹೆಣ್ಣುಮಗಳು ತನ್ನದೇ ಜನರ ಹಚ್ಚೆಗಳ ಬಗ್ಗೆ ಪೀಟರ್ ಬಾಸ್ ಅನ್ನೋ ಫೋಟೋಗ್ರಾಫರ್ ಜೊತೆ ಸೇರಿ 2017ರಲ್ಲಿ ಪುಸ್ತಕ ತಂದಳು. ಊರೂರು ಸುತ್ತಿ, ಮುದುಕರ ಜೊತೆ ಅವರದೇ ಭಾಷೆಯಲ್ಲಿ ಕೂತು ಮಾತಾಡಿ, ಯಾವ ಗುರುತು ಯಾರಿಗೆ ಯಾಕೆ ಅಂತ ಬರೆದುಕೊಂಡು ಮಾಡಿದ ಕೆಲಸ. (ಅದರ ಹೆಸರಿನಲ್ಲೂ 'ಕೊನೆಯ' ಅಂತ ಒಂದು ಪದ ಬಂದೇ ಬಂತು. ಆ ಪದ ಇಲ್ಲದಿದ್ದರೆ ಪುಸ್ತಕ ಮಾರಾಟ ಆಗಲ್ಲ ಅಂತ ಕಾಣುತ್ತೆ.) ಅವಳು ಆ ಊರಿನವಳು, ನಮ್ಮ ಫೋಟೋಗ್ರಾಫರ್ ಹೊರಗಿನವನು ಅಂತ ವಾದ ಮಾಡ್ತೀರಾ? ಹೊರಗಿನವನ ಪಕ್ಕದಲ್ಲಿ ಊರಿನವನು ಒಬ್ಬ ನಿಂತಿದ್ದನಲ್ಲ ಸ್ವಾಮಿ. ಕನ್ನಡಕ ಜೇಬಿಗೆ ಹಾಕ್ಕೊಂಡು.

ಇನ್ನೊಂದು ವಾದ: ಅಜ್ಜಿ ಒಪ್ಪಿಗೆ ಕೊಟ್ಟಿದ್ದಳಲ್ಲ, ನಕ್ಕೊಂಡೇ ಕೂತಿದ್ದಳಲ್ಲ. ಹೌದು, ಕೊಟ್ಟಿದ್ದಳು. ಯಾವುದಕ್ಕೆ? ಫೋಟೋ ತೆಗೆದು ತಂದುಕೊಡ್ತಾರೆ, ಗಂಡನ ಫೋಟೋ ಪಕ್ಕ ನೇತುಹಾಕಬಹುದು ಅಂತ. ನಮ್ಮ ಕಡೆ ಫೋಟೋ ತೆಗೆಸೋದು ಅಂದರೆ ಇಷ್ಟೇ ಅರ್ಥ. ಅದಕ್ಕೇ ಹೊಸ ಸೀರೆ ಉಟ್ಟಿದ್ದು. ಅದಾದ ಮೇಲೆ ನಾನು ಊರಿಗೆ ಹೋದಾಗಲೆಲ್ಲ ಬಾಗಿಲಲ್ಲಿ ನಿಂತು ಕೇಳೋಳು, 'ಫೋಟೋ ಬಂತೇನ್ಲಾ?' ಮೊದಮೊದಲು ಬರುತ್ತೆ ದೊಡ್ಡವ್ವ ಅನ್ನುತ್ತಿದ್ದೆ. ಆಮೇಲೆ ಅವಳ ಬಾಗಿಲು ತಪ್ಪಿಸಿ ಹಿಂದಿನ ಓಣಿಯಿಂದ ಹೋಗುತ್ತಿದ್ದೆ. ಅವನೇನೋ ಒಂದು ಲಿಂಕ್ ಕಳಿಸಿದ್ದ, ಸಣ್ಣ ಸೈಜಿನವು, ಡೌನ್‌ಲೋಡ್ ಮಾಡ್ಕೋ ಅಂತ. ನಾಳೆ ಮಾಡೋಣ ಅಂತ ಬಿಟ್ಟೆ. ಆಫೀಸು, ಪ್ರಾಜೆಕ್ಟು, ಡೆಡ್‌ಲೈನು. ಆರು ತಿಂಗಳಾದ ಮೇಲೆ ಒತ್ತಿದರೆ ಲಿಂಕ್ ಸತ್ತುಹೋಗಿತ್ತು. ಮತ್ತೆ ಕೇಳೋಕೆ ಸಂಕೋಚ.

2019ರಲ್ಲಿ ಅವಳು ಸತ್ತಾಗ ತಿಥಿಗೆ ಇಡಕ್ಕೆ ಮನೆಯಲ್ಲಿ ಒಂದು ಫೋಟೋ ಇರಲಿಲ್ಲ. ಮದುವೆ ಆಲ್ಬಮ್ಮುಗಳಲ್ಲಿ ಎಲ್ಲೋ ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಕೊನೆಗೆ ವೋಟರ್ ಐಡಿಯಲ್ಲಿದ್ದ ಬೆರಳುಗುರಿನಷ್ಟು ಚಿತ್ರವನ್ನ ಹಿಗ್ಗಿಸಿ ಮಾಡಿಸಿದರು. ಮುಖ ಅನ್ನೋದು ಬೂದು ಬಣ್ಣದ ಒಂದು ಮುದ್ದೆ. ಹಣೆಯ ಹಚ್ಚೆ ಸುಳಿವೇ ಇಲ್ಲ. ಅದಕ್ಕೇ ಹಾರ ಹಾಕಿದರು. ಆ ಹೊತ್ತಿಗೆ ಅವಳ ಮೂವತ್ತು ಇಂಚು ನಲವತ್ತು ಇಂಚಿನ ಚಿತ್ರ ಎಲ್ಲೋ ಒಂದು ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿತ್ತು.

ಈಗ ಕಾನೂನಿನ ತಮಾಷೆ ಕೇಳಿ. ಗ್ಯಾಲರಿಯಿಂದ ಬಂದ ರಾತ್ರಿ ನಿದ್ದೆ ಬರದೆ 1957ರ ಕಾಪಿರೈಟ್ ಕಾಯ್ದೆ ಓದಿದೆ. (ನಿದ್ದೆ ಬರಿಸೋಕೆ ಇದಕ್ಕಿಂತ ಒಳ್ಳೇ ಮದ್ದಿಲ್ಲ, ಆದರೂ ಬರಲಿಲ್ಲ.) ಫೋಟೋ ತೆಗೆದವನೇ ಅದರ ಒಡೆಯ. 2012ರ ತಿದ್ದುಪಡಿಯ ನಂತರ ಅವನ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಅವನ ವಾರಸುದಾರರಿಗೆ. ಫೋಟೋದಲ್ಲಿರೋರಿಗೆ ಕಾಪಿರೈಟಿನಲ್ಲಿ ಕಾಸಿನ ಪಾಲಿಲ್ಲ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ: ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಫೋಟೋ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಮೊದಲ ಒಡೆಯರು ದುಡ್ಡು ಕೊಟ್ಟವರು. ಅಂದರೆ ದೊಡ್ಡವ್ವ ಸಿರಾ ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದೋ ಸ್ಟುಡಿಯೋಗೆ ಹೋಗಿ ಐವತ್ತು ರೂಪಾಯಿ ಕೊಟ್ಟು ಹಸಿರು ಸೀರೆಯಲ್ಲಿ ಕೂತಿದ್ದರೆ, ಆ ಚಿತ್ರ ಅವಳದು, ಅವಳ ಮಕ್ಕಳದು. ಬೆಂಗಳೂರಿನವನು ಪುಕ್ಕಟೆ ತೆಗೆದುಕೊಡ್ತಾನೆ ಅಂತ ನಾನು ಕರಕೊಂಡು ಬಂದಿದ್ದರಿಂದ ಅವಳ ಮುಖ ಅವನದಾಯಿತು. ಎಡಗಡೆ ಗೋಡೆಯವರೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ, ಪ್ರತಿಯೊಬ್ಬರಿಗೂ ಒಂದು ಪ್ರಿಂಟ್ ಕೊಟ್ಟಿದ್ದಾರೆ ಅಂತ ಡೆಸ್ಕಿನ ಹುಡುಗಿಯೇ ಹೇಳಿದಳು. ಅವರಿಗೆ ಕೊಡದಿದ್ದರೆ ಅವರು ಮಾರನೇ ದಿನವೇ ಜಗಳ ತೆಗೆದು ಮಾನ ಕಳೀತಾರೆ. ದೊಡ್ಡವ್ವ ಏನು ಮಾಡ್ತಾಳೆ? ಬಾಗಿಲಲ್ಲಿ ನಿಂತು ಕೇಳ್ತಾಳೆ ಅಷ್ಟೆ.

ಫೋಟೋ ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ತೆಗೀರಿ. ಹಚ್ಚೆ ಇರೋ ಅಜ್ಜಿಯರು ಇನ್ನು ಹೆಚ್ಚು ದಿನ ಇರಲ್ಲ ಅನ್ನೋದು ನಿಜವೇ. ಮೊಮ್ಮಕ್ಕಳು ಹಾಕಿಸಿಕೊಳ್ಳಲ್ಲ, ಹಾಕೋರೂ ಇಲ್ಲ. ಆದರೆ ಮೊದಲು ಅವರಿಗೆ ಬೇಕಾದ ಹಾಗೆ ಒಂದು ತೆಗೀರಿ, ಅವರ ಕುರ್ಚಿಯಲ್ಲಿ, ಅವರ ಸೀರೆಯಲ್ಲಿ, ಕಲರ್‌ನಲ್ಲಿ. ಅದನ್ನ ಫ್ರೇಮ್ ಹಾಕಿಸಿ ಅವರ ಕೈಗೆ ಕೊಟ್ಟ ಮೇಲೆ ನಿಮ್ಮ ಕಲೆ ಶುರು ಮಾಡಿ. ಮಾರಾಟ ಆದರೆ ಪಾಲು ಕೊಡಿ, ಪಾಲು ಅಂದರೆ ಇನ್ನೂರು ರೂಪಾಯಿ ಸೆರಗಿಗೆ ತುರುಕೋದಲ್ಲ. ಹೆಸರು ಕೇಳಿ. ಕೇಳಿದ ಮೇಲೆ ಹಾಕಬೇಕೋ ಬೇಡವೋ ಅನ್ನೋದನ್ನೂ ಕೇಳಿ. ನಾನು ಇಷ್ಟು ಹೊತ್ತು ದೊಡ್ಡವ್ವನ ಹೆಸರು ಬರೆದಿಲ್ಲ ಅಂತ ನಿಮಗೂ ಅನ್ನಿಸಿರಬಹುದು. ಬರೆಯಲಾ ಅಂತ ಅವಳ ಮಗನನ್ನ ಕೇಳಿದೆ. 'ಇಂಟರ್ನೆಟ್ಟಿಗೆಲ್ಲ ಬ್ಯಾಡ ಬಿಡಪ್ಪ, ನಮ್ಮವ್ವ ನಮ್ಗಿರ್ಲಿ' ಅಂದರು. ಬರೆಯಲಿಲ್ಲ. ಕೇಳಿ ಬಿಡೋದಕ್ಕೂ ಕೇಳದೇ ಬಿಡೋದಕ್ಕೂ ವ್ಯತ್ಯಾಸ ಇದೆ, ಅದು ಕಾಣಲ್ಲ ಅನ್ನೋರ ಹತ್ತಿರ ನನಗೆ ವಾದ ಮಾಡೋ ತಾಳ್ಮೆ ಇಲ್ಲ.

ಅವತ್ತು ಗ್ಯಾಲರಿಯಿಂದ ಹೊರಡುವ ಮುಂಚೆ ನನ್ನ ಮೊಬೈಲಿನಲ್ಲಿ ಆ ಚಿತ್ರದ ಫೋಟೋ ತಗೊಂಡೆ. ಗಾಜಿನ ಹೊಳಪು, ಅದರಲ್ಲಿ ಮೊಬೈಲ್ ಹಿಡಿದ ನನ್ನ ನೆರಳು. ಮುಂದಿನ ಭಾನುವಾರ ಸಿರಾದ ಒಂದು ಸ್ಟುಡಿಯೋದಲ್ಲಿ ಕೊಟ್ಟು ಪ್ರಿಂಟ್ ಹಾಕಿಸಿದೆ. ಸ್ಟುಡಿಯೋ ಹುಡುಗ ಒಳ್ಳೆಯವನು, ಗಾಜಿನ ಹೊಳಪು ಆದಷ್ಟು ತೆಗೆದ. ಆಮೇಲೆ ಮೌಸ್ ಅವಳ ಹಣೆ ಮೇಲೆ ಇಟ್ಟು ಕೇಳಿದ, 'ಈ ಕಲೇನೂ ತೆಗೆದ್ಬಿಡ್ಲಾ ಸಾರ್? ನೀಟಾಗಿ ಕಾಣುತ್ತೆ.' ಬೇಡಪ್ಪಾ, ಅದೊಂದು ಇರಲಿ ಅಂದೆ.

ಮನೆಗೆ ತಗೊಂಡು ಹೋದೆ. ಅಣ್ಣ ತುಂಬ ಹೊತ್ತು ನೋಡಿ, ವೋಟರ್ ಐಡಿಯದನ್ನ ಇಳಿಸಿ ಇದನ್ನ ಏರಿಸಿದರು. ಅತ್ತಿಗೆ ಕೈ ಒರೆಸಿಕೊಂಡು ಬಂದು ನೋಡಿ, 'ಅಯ್ಯೋ, ನಮ್ಮತ್ತೆ ಯಾಕೆ ಇಂಥ ಹರಕಲು ಸೀರೆ ಉಟ್ಟವ್ರೆ? ಮದ್ವೆ ಸೀರೆ ಇತ್ತಲ್ಲ, ಹಸಿರುದು' ಅಂದರು. ನಾನೇ ಬದಲಾಯಿಸು ಅಂದಿದ್ದು ಅತ್ತಿಗೆ ಅಂತ ಹೇಳಿದೆ. 'ಯಾಕೆ?' ಅಂದರು. ಅದನ್ನ ವಿವರಿಸೋಕೆ ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಗ್ಯಾಲರಿಯಿಂದ ಬಂದ ರಾತ್ರಿಯೇ ಆ ಫೋಟೋಗ್ರಾಫರ್‌ಗೆ ಮೇಲ್ ಮಾಡಿ ಮೂಲ ಫೈಲು ಕೇಳಿದ್ದೇನೆ. ಹಸಿರು ಸೀರೆಯಲ್ಲಿ ಕೂತಿದ್ದಾಗ ಲೈಟ್ ಟೆಸ್ಟ್‌ಗೆ ಅಂತ ಒಂದೆರಡು ಹೊಡೆದಿದ್ದ ನೆನಪು ನನಗೆ. ಅದು ಇದ್ದರೆ ಅದನ್ನೂ ಕಳಿಸು ಅಂತ ಬರೆದಿದ್ದೇನೆ. ಇವತ್ತಿಗೆ ಇಪ್ಪತ್ತೆರಡು ದಿನ.